ಹಿತ್ತಲದ ಮರೆ: ತಟ್ಟಿಯಿಂದ ಹಲಗಿ ಬ್ಯಾಲಿತನಕ

ಹೋದ ವರ್ಷ ಏಪ್ರಿಲ್ ತಿಂಗಳದಾಗ ಒಂದು ಸಂಜಿಮುಂದ ಅಡ್ಡಮಳಿ ಗಾಳಿ ಎದ್ದು, ನಮ್ಮ ಹಿತ್ತಲದ ಹಲಗಿ ಬ್ಯಾಲಿ ಬೋರಲ ಬಿತ್ತು. ಹಾಕಿಸಿ ಇನ್ನೂ ಆರು ತಿಂಗಳ ಆಗಿರಲಿಲ್ಲ. ಮನಿ ಹಿಂದಿನ ಖಾಲಿ ಜಾಗಾದಾಗ ರಸ್ತೆ ಬಂದು, ರಸ್ತೆ ಸಂಗಾಟ ಒಂದು ಚಾದಂಗಡಿನೂ ಬಂದಿತ್ತು. ನಮ್ಮ ಬಚ್ಚಲಮನಿ ಇನ್ನೂ ಹಿತ್ತಲದಾಗನ ಐತಿ. ಎಪ್ಪತ್ತು ದಾಟಿದ ನಮ್ಮತ್ತಿ ಜಳಕಾ ಮಾಡಿ ಒದ್ದಿ ಸೀರಿಯೊಳಗ ಹತ್ತು ಹೆಜ್ಜಿ ನಡದು ಒಳಗ ಬರಬೇಕು. ಅಂಗಡಿ ಬೆಂಚಿನ ಮ್ಯಾಲಿನ ಮಂದಿಗೆ ಬ್ಯಾರೆ ಏನ್ ಕೆಲಸ ಐತ್ರಿ? ಅದಕ್ಕ ಒಂದು ಎಳೆ ಸಂದಿನೂ ಇರಬಾರದಂತ ಹೇಳಿ ಹಲಗಿಗೆ ಹಲಗಿ ಕೂಡಿಸಿ ಆರು ಫೂಟಿನ ಬ್ಯಾಲಿ ಹೊಡಿಸಿದ್ದೆ.

ಬಿದ್ದ ಬ್ಯಾಲಿ ನೋಡಿ ನಮ್ಮತ್ತಿ ಅಂದ್ರು: "ಗಾಳಿಗೆ ನೀ ದಾರಿ ಬಿಡಲಿಲ್ಲ. ಅದs ದಾರಿ ಮಾಡ್ಕೊಂತು ನೋಡವ್ವಾ. ನಮ್ಮ ಕಾಲದ ತಟ್ಟಿ ಹಿಂಗ ಬೀಳತಿರಲಿಲ್ಲ."

ನನಗ ಸಿಟ್ಟು ಬಂತು, ಖರ್ಚು ಮಾಡಿದಾಕಿ ನಾನು. ಆದ್ರ ಆ ಮಾತು ತಲಿಯೊಳಗ ಕುಂತುಬಿಡ್ತು. ಬಿಸಲೂ ಗಾಳಿನೂ ಎರಡೂ ಜೋರ ಇರೋ ನಾಡಿನಾಗ ಮಂದಿ ಮರೆ ಹೆಂಗ ಕಟ್ಟಿಕೊಂಡ್ರು ಅನ್ನೋದನ್ನ ಹುಡುಕೋತ ಹೋದೆ. ಸಿಕ್ಕಿದ್ದು ದೊಡ್ಡ ಕಥಿನ.

ಮೊದಲ ತಟ್ಟಿ. ನಮ್ಮ ಗದಗ ಸೀಮಿ ಗಾಳಿ ಸೀಮಿ. ಕಪ್ಪತಗುಡ್ಡದ ಮ್ಯಾಲೆ ಅಷ್ಟು ಗಾಳಿ ಫ್ಯಾನ್ ನಿಂತದ್ದು ಸುಮ್ಮಸುಮ್ಮನ ಅಲ್ಲ. ಚೈತ್ರ ವೈಶಾಖದಾಗ ನೆಲ ಕಾದ ಹಂಚಾಗತೈತಿ, ಅಷ್ಟರಾಗ ಅಡ್ಡಮಳಿ ಗಾಳಿ ಬಂದು ಸುತ್ತತೈತಿ, ಆಮ್ಯಾಲೆ ಆಷಾಢ ಬಂತಂದ್ರ ಪಡುವಣ ಗಾಳಿ ದಿನಾನುಗಟ್ಟಲೆ ನಿಲ್ಲೂದಿಲ್ಲ. ಇಂಥಾದ್ರಾಗ ಹಿತ್ತಲಕ್ಕ ಮರೆ ಅಂದ್ರ ಜ್ವಾಳದ ಕಣಿಕಿ, ತೊಗರಿ ಕಟಗಿ, ಹತ್ತಿ ಕಟಗಿ, ಇಲ್ಲಾ ಸೀಳಿದ ಬಿದಿರು. ಎರಡು ಗೂಟ ನೆಟ್ಟು, ಅಡ್ಡ ಗಳ ಕಟ್ಟಿ, ಕಣಿಕಿ ಸಾಲಾಗಿ ನಿಲ್ಲಿಸಿ ಪುಂಡಿ ನಾರಿಂದ ಬಿಗದ್ರ ತಟ್ಟಿ ಆತು. ಹೊರಗ ನಿಂತಾಂವಗ ಒಳಗ ಯಾರೋ ಅದಾರ ಅಂತ ಗೊತ್ತಾಗಬಹುದು, ಯಾರು, ಹೆಂಗ ಅದಾರ ಅನ್ನೋದು ಕಾಣೂದಿಲ್ಲ. ಅಷ್ಟ ಮರೆ ಸಾಕಾಗತಿತ್ತು. ಕಣಿಕಿ ನಡುವಿನ ಸಣ್ಣ ಸಣ್ಣ ಸಂದಿಯೊಳಗ ಗಾಳಿ ಹಾಯ್ದು ಹೋಗತಿತ್ತು. ಭಾಳ ಜೋರ ಗಾಳಿ ಬಂದ್ರ ಕಟ್ಟು ಬಿಚ್ಚಿ ತಟ್ಟಿ ನೆಲಕ್ಕ ಮಲಗಿಸಿಬಿಡತಿದ್ರು. ಬ್ಯಾಲಿನ ಮಲಗಿಸಬಹುದು ಅನ್ನೋ ವಿಚಾರ ನನಗಂತೂ ಹೊಳದಿರಲಿಲ್ಲ.

ಈ ತಟ್ಟಿ ಅನ್ನೋ ಶಬ್ದದ ಹಿಂದೂ ಮರೆಯ ಕಥಿ ಐತಿ. ಹಿಂದಿಯೊಳಗ ಟಟ್ಟೀ ಅಂದ್ರ ಮೊದಲ ಬಿದಿರಿನ ಪರದೆ ಅಂತನ ಅರ್ಥ. ಬಯಲಕಡಿಗೆ ಹೋಗೋ ಜಾಗಾಕ್ಕ ಅದನ್ನ ಮರೆ ಕಟ್ಟಿ ಕಟ್ಟಿ, ಕಡೀಕ ಆ ಶಬ್ದನ ಸಂಡಾಸಕ್ಕ ಹತ್ತಿಬಿಡ್ತು. ಇಂಗ್ಲಿಷ ಸಾಹೇಬರೂ ತಟ್ಟಿ ಬಿಡಲಿಲ್ಲ. ಬ್ಯಾಸಗಿಯೊಳಗ ಲಾವಂಚದ ಬೇರಿನ ತಟ್ಟಿ ಬಾಗಿಲಿಗೆ ತೂಗಹಾಕಿ, ಆಳಿನ ಕಡೆಯಿಂದ ಮ್ಯಾಲಿಂದ ಮ್ಯಾಲೆ ನೀರು ಹೊಡಿಸತಿದ್ರು. ಬಿಸಿಗಾಳಿ ಒದ್ದಿ ಬೇರಿನ ಸಂದಿಯೊಳಗಿಂದ ಬರೂದ್ರಾಗ ತಣ್ಣಗಾಗತಿತ್ತು, ವಾಸನಿನೂ ಚಲೋ. ಅಲ್ಲಿನೂ ಸಂದಿ ಇದ್ದದ್ದಕ್ಕನ ಉಪಯೋಗ.

ಆದ್ರ ತಟ್ಟಿ ಅಂದ್ರ ಬರೇ ಗುಣಗಾನ ಮಾಡಬಾರದು. ವರಲಿ (ಗೆದ್ದಲು) ತಿಂತೈತಿ, ಒಂದು ಬೀಡಿ ಕಿಡಿ ಬಿದ್ರ ಮನಿಗೂ ಬೆಂಕಿ, ವರ್ಷಾ ಸುಗ್ಗಿ ಆದ ಮ್ಯಾಲೆ ಹೊಸಾದು ಕಟ್ಟಬೇಕು. ಸತ್ತ ಕಟಗಿಯ ಬ್ಯಾಲಿ ಈ ಹವಾದಾಗ ಎಷ್ಟು ಕಾಡತೈತಿ ಅನ್ನೋದನ್ನ ದೊಡ್ಡ ಸರಕಾರನೂ ಕಲಿತಿತ್ತು. ಹತ್ತೊಂಬತ್ತನೇ ಶತಮಾನದಾಗ ಇಂಗ್ಲಿಷರು ಉಪ್ಪಿನ ಸುಂಕ ತಪ್ಪಿಸಬಾರದಂತ ಉತ್ತರ ಹಿಂದುಸ್ತಾನದಾಗ ಸಿಂಧೂ ಕಡಿಂದ ಒಡಿಶಾ ಕಡಿತನಕ ಒಂದು ಸುಂಕದ ಗಡಿ ಎಳದು, ಅದರ ಭಾಳಷ್ಟು ಭಾಗಕ್ಕ ಮುಳ್ಳಿನ ಬ್ಯಾಲಿ ಹಾಕಿಸಿದ್ರು. 1867ರಾಗ ಆ ಖಾತೆಯ ಕಮಿಷನರ್ ಆಗಿ ಬಂದಾತ ಅಲನ್ ಆಕ್ಟೇವಿಯನ್ ಹ್ಯೂಮ್, ಮುಂದ 1885ರಾಗ ಕಾಂಗ್ರೆಸ್ ಹುಟ್ಟಿಸಿದವರೊಳಗ ಒಬ್ಬಾತ. ಒಣಮುಳ್ಳು ಒಟ್ಟಿ ಬ್ಯಾಲಿ ಮಾಡಿದ್ರ ಒಂದು ಮೈಲಿಗೆ 250 ಟನ್ ಮುಳ್ಳು ಬೇಕು ಅಂತ ಆತ ಲೆಕ್ಕಾ ಹಾಕಿದ್ದ. ಅಷ್ಟು ಒಟ್ಟಿದ ಮ್ಯಾಲೂ ವರಲಿ, ಇಲಿ, ಬೆಂಕಿ, ಬಿರುಗಾಳಿ ಬಿಡತಿರಲಿಲ್ಲ. ಅದಕ್ಕ ಹ್ಯೂಮ್ ಜೀವ ಇರೋ ಗಿಡದ ಬ್ಯಾಲಿ ಬೆಳಸಾಕ ಹೊರಟ. ತೆಗ್ಗು ತೋಡಿಸಿ, ಚಲೋ ಮಣ್ಣು ತರಿಸಿ, ಬಾರಿ, ಜಾಲಿ, ಕಳ್ಳಿ ಹಚ್ಚಿಸಿದ. 1879ರಾಗ ಆ ಸುಂಕದ ಗಡಿನ ತಗದು ಹಾಕಿದ್ರು, ಬ್ಯಾಲಿನೂ ಹಾಳಾತು. ಬಡವರ ಬಾಯಾಗಿನ ಉಪ್ಪು ತಡಿಲಿಕ್ಕೆ ಕಟ್ಟಿದ್ದು, ಹಾಳಾಗಿದ್ದ ಬರೋಬ್ಬರಿ ಆತು.

ಜೀವಂತ ಬ್ಯಾಲಿ ನಮ್ಮ ಕಡಿನೂ ಇತ್ತು, ಡಬಗಳ್ಳಿದು. ಹಸ್ತದಂಗ ಎಲಿ, ಕೆಂಪ ಹಣ್ಣು. ಇದು ನಮ್ಮದ ಅಂತ ನಾ ತಿಳಕೊಂಡಿದ್ದೆ, ಅದು ಅಮೆರಿಕಾ ಖಂಡದಿಂದ ಬಂದದ್ದು. ನೀರು ಬ್ಯಾಡ, ದನ ತಿನ್ನೂದಿಲ್ಲ, ಗಾಳಿಗೆ ಜಗ್ಗೂದಿಲ್ಲ, ಆಳೆತ್ತರ ಬೆಳದ್ರ ಅದರಂಥಾ ಮರೆ ಇಲ್ಲ. 1795ರಾಗ ಈಸ್ಟ್ ಇಂಡಿಯಾ ಕಂಪನಿಯವರು ಕೆಂಪ ಬಣ್ಣ ತಗೀಬೇಕಂತ ಕಳ್ಳಿ ಮ್ಯಾಲೆ ಬದುಕೋ ಒಂದು ಹುಳಾ ತರಿಸಿದ್ರು. ಬಂದದ್ದು ತಪ್ಪು ಜಾತಿದು. ಬಣ್ಣ ಚಲೋ ಬರಲಿಲ್ಲ, ಆದ್ರ ಒಂದು ಜಾತಿ ಕಳ್ಳಿನ ಆ ಹುಳಾ ತಿಂದು ಮುಗಿಸ್ತು. ಉಳಿದ ಜಾತಿ ಕಳ್ಳಿ ಮಾತ್ರ ಬ್ಯಾಲಿ ದಾಟಿ ಹೊಲಕ್ಕೂ ಹರದು ಉಪದ್ರವ ಕೊಡಾಕ ಹತ್ತಿದಾಗ, 1926ರಾಗ ಶ್ರೀಲಂಕಾದಿಂದ ಇನ್ನೊಂದು ಜಾತಿ ಹುಳಾ ತಂದು ಬಿಟ್ರು. ದಕ್ಷಿಣ ಹಿಂದುಸ್ತಾನದಾಗ ಎಕರೆಗಟ್ಟಲೆ ಕಳ್ಳಿ ನೋಡನೋಡದಂಗ ಕರಗಿ ಹೋತು. ಹೊಲದವರಿಗೆ ಹಬ್ಬ. ಹಿತ್ತಲಕ್ಕ ಅದನ್ನ ನಂಬಿದ ಹೆಣಮಕ್ಕಳ ಪಾಡು ಯಾವ ಸರಕಾರಿ ಕಾಗದದಾಗ ಬರೀತಾರ?

ಆಮ್ಯಾಲೆ ಬಳ್ಳಾರಿ ಜಾಲಿ. ಹೆಸರಿಗೆ ಬಳ್ಳಾರಿದು, ಇದೂ ಅಮೆರಿಕಾ ಕಡೀದ. 1877ರಾಗ, ಅಂದ್ರ ದೊಡ್ಡ ಬರದ ವರ್ಷಗಳೊಳಗನ, ಜಮೈಕಾದ ಬೀಜ ಕಡಪಾ ಸೀಮಿಯೊಳಗ ಬಿತ್ತಿದ್ರು. ಅದರ ಮುಳ್ಳು ಕಡದು ಒಟ್ಟಿದ್ರ ದನಕ್ಕ ಬ್ಯಾಲಿ ಆಗತೈತಿ, ಕಣ್ಣಿಗೆ ಮರೆ ಆಗೂದಿಲ್ಲ. ಇದರ ಬಗ್ಗೆ ಇಷ್ಟ ಸಾಕು, ಅದರ ಮುಳ್ಳು ತುಳದವರಿಗೆ ಉಳದದ್ದು ಗೊತ್ತ ಐತಿ.

ಇನ್ನ ಹಲಗಿಗೆ ಬರೂಣು. ಬಿಸಲು ಗಾಳಿ ನಮ್ಮಷ್ಟ ಇರೋ ಟೆಕ್ಸಾಸದಂಥಾ ನಾಡಿನಾಗೂ ಬ್ಯಾಲಿದು ಇದ ತಾಪತ್ರಯ. ಬಯಲ ನೆಲ, ಕಟಗಿ ಕಡಿಮಿ. 1874ರಾಗ ಜೋಸೆಫ್ ಗ್ಲಿಡನ್ ಅನ್ನಾಂವ ಮುಳ್ಳತಂತಿಗೆ ಪೇಟೆಂಟ್ ತಗೊಂಡ ಮ್ಯಾಲೆ ದನದ ಬ್ಯಾಲಿ ಸುಲಭ ಆತು, ಗಾಳಿ ಆರಪಾರ ಹೋಗತೈತಿ, ಬೀಳೂ ಮಾತ ಇಲ್ಲ. ಆದ್ರ ತಂತಿಗೆ ಯಾರ ಕಣ್ಣೂ ತಡೂದಿಲ್ಲ. ಅಲ್ಲಿ ಊರೊಳಗಿನ ಮನಿಗಳ ಹಿಂದ ಮರೆಗಂತ ಆರು ಫೂಟಿನ ಹಲಗಿ ಬ್ಯಾಲಿ ರೂಢಿಗೆ ಬಂತು. ಅವರ ಹಲಗಿಗೂ ಮಣ್ಣಾಗಿನ ಹುಳಾ ಬಿಡಲಿಲ್ಲ, ಕಂಬದ ಬುಡಕ್ಕ ಕೊಳತ ಬಿಡಲಿಲ್ಲ. ಅದಕ್ಕ ಮದ್ದು ಹೋದದ್ದು ಎಲ್ಲಿಂದ ಗೊತ್ತೇನ್ರಿ? ನಮ್ಮ ಡೆಹರಾಡೂನದಿಂದ. ಅಲ್ಲಿಯ ಅರಣ್ಯ ಸಂಶೋಧನಾ ಸಂಸ್ಥೆಯೊಳಗ ಸೊಂಟಿ ಕಾಮೇಶಂ ಅವರು 1933ರಾಗ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಕೂಡಿಸಿ ಕಟಗಿಗೆ ಕುಡಿಸೋ ಮದ್ದು ಕಂಡುಹಿಡದ್ರು. ತಾಮ್ರ ಬೂಷ್ಟು ತಡೀತೈತಿ, ಆರ್ಸೆನಿಕ್ ವರಲಿಗೆ ವಿಷ, ಕ್ರೋಮಿಯಂ ಅವೆರಡನ್ನೂ ಮಳಿಗೆ ತೊಳದು ಹೋಗದಂಗ ಕಟಗಿಯೊಳಗ ಕಚ್ಚಿಸತೈತಿ. 1938ರಾಗ ಅಮೆರಿಕಾದ ಪೇಟೆಂಟ್ ಸಿಕ್ತು. ಎರಡನೇ ಮಹಾಯುದ್ಧ ಮುಗದ ಮ್ಯಾಲೆ ಆ ದೇಶದ ಮನಿ ಹಿತ್ತಲದಾಗ ತೆಳು ಹಸರ ಬಣ್ಣದ ಹಲಗಿ ಕಂಬ ಎಲ್ಲಾ ಕಡೆ ನಿಂತವು. ನಮ್ಮವರೊಬ್ಬರು ಹುಡುಕಿದ್ದು ಜಗತ್ತಿನ ಹಿತ್ತಲಾ ಕಾದೈತಿ, ನಮ್ಮ ಸಾಲಿ ಪುಸ್ತಕದಾಗ ನಾನಂತೂ ಅವರ ಹೆಸರು ಓದಲಿಲ್ಲ.

ಮುಂದ ಆರ್ಸೆನಿಕ್ ಮಣ್ಣಿಗೆ ಇಳೀತೈತಿ, ಮುಟ್ಟಿದ ಮಕ್ಕಳ ಕೈಗೆ ಹತ್ತತೈತಿ ಅನ್ನೋ ಅಂಜಿಕಿ ಬಂದು, 2003ರ ಕಡೀಕ ಅಲ್ಲಿನ ತಯಾರಕರು ಮನಿ ಬಳಕಿಗೆ ಆ ಮದ್ದಿನ ಕಟಗಿ ಮಾಡೂದು ನಿಲ್ಲಿಸಿದ್ರು. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ನಮ್ಮ ಕಡೆ ಹಳೇ ಕಟಗಿ ಏನ ಇರಲಿ, ಕಡೀಕ ಹಂಡೆದ ಒಲಿಗೆ ಹೋಗತೈತಿ. ಮದ್ದು ಕುಡದ ಕಟಗಿ, ಡಾಂಬರ ಎಣ್ಣಿ ಹೀರಿದ ಹಳೇ ರೈಲ್ವೆ ಸ್ಲೀಪರ್ ಒಲಿಗೆ ಹಾಕಬ್ಯಾಡ್ರಿ. ಹೊಗಿನೂ ವಿಷ, ಬೂದಿನೂ ವಿಷ. ಆ ಬೂದಿಲೆ ಭಾಂಡಿ ತಿಕ್ಕೂದಂತೂ ಬ್ಯಾಡs ಬ್ಯಾಡ.

ಇಷ್ಟೆಲ್ಲಾ ತಿಳಕೊಂಡ ಮ್ಯಾಲೆ ನನ್ನ ಬ್ಯಾಲಿ ಯಾಕ ಬಿತ್ತು ಅನ್ನೋದು ತಿಳೀತು. ಆರು ಫೂಟು ಎತ್ತರ, ಎಂಟು ಫೂಟು ಅಗಲದ ಸಂದಿ ಇಲ್ಲದ ಒಂದು ಅಂಕಣದ ಮ್ಯಾಲೆ ತಾಸಿಗೆ 60 ಕಿಲೋಮೀಟರಿನ ಗಾಳಿ ಬಡದ್ರ ಸುಮಾರು 80-90 ಕಿಲೋ ಭಾರ ಬೀಳತೈತಿ. ಗಾಳಿ ವೇಗ ಎರಡರಷ್ಟಾದ್ರ ಭಾರ ನಾಕರಷ್ಟು. ನನ್ನವು ಅಂಥಾ ಐದು ಅಂಕಣ. ಮ್ಯಾಲೆ, ಗಟ್ಟಿ ಗೋಡಿಗೆ ಬಡದ ಗಾಳಿ ಸುಮ್ಮನ ನಿಲ್ಲೂದಿಲ್ಲ, ಹಾರಿ ಆಚೀಕ ಇಳದು ಸುಳಿ ತಿರಗತೈತಿ. ಬ್ಯಾಲಿ ಹಾಕಿಸಿದ ಮ್ಯಾಲೆ ಒಳಗ ಧೂಳು ಹೆಚ್ಚಾದದ್ದು ಯಾಕ ಅಂತ ಆವಾಗ ಗೊತ್ತಾತು. ಅರ್ಧದ ಹತ್ತರ ಹತ್ತರ ತೆರವು ಇರೋ ಬ್ಯಾಲಿ ಗಾಳಿಯ ಸೊಕ್ಕು ಮುರೀತೈತಿ, ಸುಳಿ ಏಳಿಸೂದಿಲ್ಲ ಅಂತ ಗಾಳಿತಡಿಯ ಬಗ್ಗೆ ಅಭ್ಯಾಸ ಮಾಡಿದವರು ಹೇಳ್ತಾರ. ಕಣಿಕಿ ತಟ್ಟಿ ಅದನ್ನ ಲೆಕ್ಕಾ ಇಲ್ಲದನ ಮಾಡತಿತ್ತು.

ಎರಡನೇ ತಪ್ಪು ನೆಲದ್ದು. ನಮ್ಮದು ಎರಿ ಮಣ್ಣು, ಮಳಿಗಾಲದಾಗ ಉಬ್ಬತೈತಿ, ಬ್ಯಾಸಗಿಯೊಳಗ ಕೈ ಹೋಗುವಷ್ಟು ಬಿರಕ ಬಿಡತೈತಿ. ಎರಡು ಫೂಟಿನ ತೆಗ್ಗಿನಾಗ ಅದ ಮಣ್ಣು ತುಂಬಿ ನಿಲ್ಲಿಸಿದ ಕಂಬ ಏಪ್ರಿಲ್ ಬರೂದ್ರಾಗ ಸಡಲ ಹಲ್ಲಾಗಿತ್ತು.

ನಮ್ಮ ಬಡಿಗ್ಯಾರ ಕಾಕಾನ್ನ ಮತ್ತ ಕರಸಿದೆ. ಈ ಸಲ ನಾಕು ಫೂಟು ತೋಡಿ, ತಳಕ್ಕ ಕಲ್ಲು ಹಾಕಿ, ಎರಿ ಮಣ್ಣು ಬಿಟ್ಟು ಗರಸು ತುಂಬಿ ದಮ್ಮಸ ಮಾಡಿದ್ರು. ಬಿದ್ದ ಹಲಗಿನ ಅವು, ಹೊಸಾವು ಭಾಳ ಬೇಕಾಗಲಿಲ್ಲ. ಅಡ್ಡಪಟ್ಟಿಯ ಹೊರಗ ಒಂದು ಹಲಗಿ, ಅದರ ಬಾಜೂಕ ಒಂದು ಸಂದಿ, ಆ ಸಂದಿಗೆ ಎದುರಾಗಿ ಅಡ್ಡಪಟ್ಟಿಯ ಒಳಗ ಒಂದು ಹಲಗಿ. ಹಿಂಗ ಹೊರಗೊಂದು ಒಳಗೊಂದು. ನೇರ ನಿಂತು ನೋಡಿದವರಿಗೆ ಬರೇ ಹಲಗಿ ಕಾಣತೈತಿ, ಗಾಳಿಗೆ ಮಾತ್ರ ಅಡ್ಡಡ್ಡ ದಾರಿ ಐತಿ. ಬಿಸಲಿಗೆ ಹಲಗಿ ಸೊಟ್ಟ ಆಗಿ ಮೊಳಿ ಕಿತಗೊಂಡು ಬರತಿದ್ದವು, ಅದಕ್ಕ ಮೊಳಿ ಬಿಟ್ಟು ಸ್ಕ್ರೂ, ಅದೂ ತೂತು ಒಂದೀಟ ದೊಡ್ಡದು ಮಾಡಿ, ಕಟಗಿ ಹಿಗ್ಗಾಕ ಕುಗ್ಗಾಕ ಜಾಗಾ ಇರಲೆಂತ. ವರಲಿ ಏರಬಾರದಂತ ಹಲಗಿ ತುದಿ ನೆಲದಿಂದ ಎರಡು ಇಂಚು ಮ್ಯಾಲೆ ನಿಲ್ಲಿಸಿದ್ರು. ಕಾಕಾಗ ಟೆಕ್ಸಾಸೂ ಗೊತ್ತಿಲ್ಲ, ಡೆಹರಾಡೂನೂ ಗೊತ್ತಿಲ್ಲ. ಸಂದಿ ಬಿಡೂ ಮಾತಿಗೆ "ಮೊದಲ ಹೇಳಿದ್ದೆ, ನೀವs ಬ್ಯಾಡ ಅಂದ್ರಿ" ಅಂದು ಎಲಿ ಅಡಕಿ ಹಾಕ್ಕೊಂಡ್ರು. ಹೇಳಿದ್ದು ಖರೇನ.

ಈ ಆಷಾಢದಾಗ ಗಾಳಿ ಬ್ಯಾಲಿಯೊಳಗ ಹೊಕ್ಕು ಸಿಳ್ಳೆ ಹಾಕತಿತ್ತು, ಕಂಬ ಅಲಗಲಿಲ್ಲ. ಆದ್ರ ನಮ್ಮತ್ತಿ ಒಂದು ಕೊರತಿ ಕಂಡುಹಿಡದ್ರು. ಬಚ್ಚಲದ ಬಾಗಿಲದಿಂದ ಓರಿಯಾಗಿ ನೋಡಿದ್ರ ಹಲಗಿ ನಡುವ ಚಾದಂಗಡಿ ಬೆಂಚಿನ ತುದಿ ಕಾಣತೈತಿ, ಅಂದ್ರ ಅಲ್ಲಿಂದ ಇಲ್ಲಿಗೂ ಕಾಣತೈತಿ. ಆ ಒಂದು ಮೂಲಿಗೆ ಅವರ ಕೂತು ತೊಗರಿ ಕಟಗಿದು ಮೂರು ಮೊಳದ ತಟ್ಟಿ ಹೆಣದ್ರು, ನಾನು ಕಟ್ಟಿದೆ.