ಬಾನ್‌ಹ್ಯಾಮ್ಸ್ ಹರಾಜು ಸಂಸ್ಥೆ

ಬಾನ್‌ಹ್ಯಾಮ್ಸ್ ಲಂಡನ್ನಿನ ಹಳೆಯ ಹರಾಜು ಸಂಸ್ಥೆಗಳಲ್ಲೊಂದು, ಸ್ಥಾಪನೆ 1793. ಚಿತ್ರ, ಪುಸ್ತಕ, ಆಭರಣ, ಆಯುಧ, ಪಿಂಗಾಣಿ, ಹಳೆಯ ಕಾರು ಮುಂತಾದವುಗಳನ್ನು ಹರಾಜಿಗಿಡುತ್ತದೆ. ಸದಬೀಸ್ (1744), ಕ್ರಿಸ್ಟೀಸ್ (1766) ಸಂಸ್ಥೆಗಳ ಸಾಲಿನಲ್ಲಿ ಇದರ ಹೆಸರು ಬರುತ್ತದೆ. ಹೆಸರು ಹಳೆಯದಾದರೂ ಇಂದಿನ ಸಂಸ್ಥೆ ರೂಪುಗೊಂಡದ್ದು 2000ದ ಬಳಿಕ, ಹಲವು ಹರಾಜು ಸಂಸ್ಥೆಗಳು ಒಂದುಗೂಡಿ.

ಆರಂಭ: ಹಳೆಯ ಮುದ್ರಿತ ಚಿತ್ರಗಳ ವ್ಯಾಪಾರಿ ಥಾಮಸ್ ಡಾಡ್ ಮತ್ತು ಪುಸ್ತಕತಜ್ಞ ವಾಲ್ಟರ್ ಬಾನ್‌ಹ್ಯಾಮ್ ಸೇರಿ ಸಂಸ್ಥೆಯನ್ನು ಕಟ್ಟಿದರು. ಚಿತ್ರ, ಪುಸ್ತಕಗಳಿಂದ ಶುರುವಾದ ವ್ಯವಹಾರ ಕ್ರಮೇಣ ಬೇರೆ ವಸ್ತುಗಳಿಗೂ ಹಬ್ಬಿತು. 1950ರ ದಶಕದಲ್ಲಿ ಸಂಸ್ಥೆ ನೈಟ್ಸ್‌ಬ್ರಿಜ್‌ನ ಮಾಂಟ್‌ಪೀಲಿಯರ್ ಬೀದಿಯಲ್ಲಿ ನೆಲೆಯೂರಿತು.

ವಿಲೀನಗಳು: 2000ದಲ್ಲಿ ಹಳೆಯ ಕಾರುಗಳ ಹರಾಜಿಗೆ ಹೆಸರಾಗಿದ್ದ ರಾಬರ್ಟ್ ಬ್ರೂಕ್ಸ್ ಅವರ ಸಂಸ್ಥೆ ಬಾನ್‌ಹ್ಯಾಮ್ಸನ್ನು ಕೊಂಡಿತು. ಮರುವರ್ಷ, 1796ರಲ್ಲಿ ಹುಟ್ಟಿದ ಫಿಲಿಪ್ಸ್ ಸಂಸ್ಥೆಯ ಬ್ರಿಟನ್ ವ್ಯವಹಾರವೂ ಸೇರಿತು. ನ್ಯೂ ಬಾಂಡ್ ಬೀದಿಯ ಹರಾಜು ಕಟ್ಟಡ ದಕ್ಕಿದ್ದು ಹೀಗೆ. 2002ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಬಟರ್‌ಫೀಲ್ಡ್ಸ್ ಹರಾಜು ಸಂಸ್ಥೆ ಕೈಸೇರಿತು. 2018ರಲ್ಲಿ ಎಪಿರಿಸ್ ಎಂಬ ಹೂಡಿಕೆ ಸಂಸ್ಥೆ ಬಾನ್‌ಹ್ಯಾಮ್ಸನ್ನು ಕೊಂಡುಕೊಂಡಿತು. 2022ರಲ್ಲಿ ಸ್ಟಾಕ್‌ಹೋಮ್, ಕೋಪನ್‌ಹೇಗನ್, ಬಾಸ್ಟನ್, ಪ್ಯಾರಿಸ್‌ಗಳ ಹರಾಜು ಸಂಸ್ಥೆಗಳೂ ಇದರೊಳಗೆ ಸೇರಿದವು. ಬ್ರೂಕ್ಸ್ ತಂದ ಕಾರಿನ ಪರಿಣತಿಯ ಫಲವಾಗಿ 2014ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಫೆರಾರಿ 250 ಜಿಟಿಒ 3.81 ಕೋಟಿ ಡಾಲರಿಗೆ ಹೋಯಿತು. ಹರಾಜಿನಲ್ಲಿ ಕಾರೊಂದಕ್ಕೆ ಅಲ್ಲಿಯವರೆಗೆ ಬಂದ ಅತಿ ಹೆಚ್ಚಿನ ಬೆಲೆ ಅದು.

ಟಿಪ್ಪುವಿನ ವಸ್ತುಗಳು: 1799ರ ಮೇ 4ರಂದು ಮೈಸೂರಿನ ದೊರೆ ಟಿಪ್ಪು ಸುಲ್ತಾನನ ರಾಜಧಾನಿ ಶ್ರೀರಂಗಪಟ್ಟಣ ಬ್ರಿಟಿಷರ ದಾಳಿಗೆ ಬಿದ್ದಾಗ ಅರಮನೆಯ ಸಂಪತ್ತು ಸೂರೆಹೋಯಿತು. ಟಿಪ್ಪುವಿನ ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಅದರ ರತ್ನಖಚಿತ ಚಿನ್ನದ ಹುಲಿತಲೆಗಳಲ್ಲಿ ಒಂದನ್ನು 2009ರಲ್ಲಿ ಬಾನ್‌ಹ್ಯಾಮ್ಸ್ ಹರಾಜು ಹಾಕಿತು. ಟಿಪ್ಪುವಿನ ಶಯನಗೃಹದಲ್ಲಿ ಸಿಕ್ಕ ಖಡ್ಗ ದಾಳಿಯ ನಾಯಕ ಡೇವಿಡ್ ಬೇರ್ಡ್‌ಗೆ ಸೈನ್ಯದ ಕಾಣಿಕೆಯಾಗಿ ಸಂದಿತು. ಈತ ಹಿಂದೆ ಇದೇ ಶ್ರೀರಂಗಪಟ್ಟಣದಲ್ಲಿ ಸೆರೆಯಾಳಾಗಿದ್ದವನು. ಖಡ್ಗದ ಹಿಡಿಯ ಮೇಲೆ ದೇವರ ಗುಣಗಳನ್ನು ಸಾರುವ ಚಿನ್ನದ ಬರಹವಿದೆ. ಅಲಗಿನ ಮೇಲೆ ಇದು ರಾಜನ ಖಡ್ಗವೆಂಬ ಕೆತ್ತನೆಯಿದೆ. 2023ರ ಮೇ 23ರಂದು ಲಂಡನ್ನಿನಲ್ಲಿ ನಡೆದ ಹರಾಜಿನಲ್ಲಿ 15ರಿಂದ 20 ಲಕ್ಷ ಪೌಂಡ್ ಅಂದಾಜಿದ್ದ ಇದಕ್ಕೆ, ಕೊಳ್ಳುವವರು ಸಂಸ್ಥೆಗೆ ತೆರುವ ಶುಲ್ಕವೂ ಸೇರಿ, ಸುಮಾರು 1.4 ಕೋಟಿ ಪೌಂಡ್ ಬಂತು.

ಮಹತ್ವ: ಅಂದಾಜನ್ನು ಮೀರಿ ಬೆಲೆ ಏರಿದ್ದು ಲೋಹದ ತೂಕದಿಂದಲ್ಲ. ಖಡ್ಗ ಯಾರದು, ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ದಾಖಲೆ ಗಟ್ಟಿಯಾಗಿತ್ತು. ಹರಾಜಾದ ವಸ್ತು ಬಹುಪಾಲು ಖಾಸಗಿ ಸಂಗ್ರಹ ಸೇರಿ ಸಾರ್ವಜನಿಕರ ಕಣ್ಣಿಂದ ಮರೆಯಾಗುತ್ತದೆ. ಅದರ ಚಿತ್ರ, ಅಳತೆ, ವಿವರಗಳು ಕ್ಯಾಟಲಾಗಿನಲ್ಲಿ ಉಳಿಯುತ್ತವೆ. ಶ್ರೀರಂಗಪಟ್ಟಣದಿಂದ ಚದುರಿದ ವಸ್ತುಗಳ ಜಾಡು ಹಿಡಿಯುವ ಮೈಸೂರು ಇತಿಹಾಸದ ಅಧ್ಯಯನಕ್ಕೆ ಈ ಕ್ಯಾಟಲಾಗುಗಳು ಅಮೂಲ್ಯ ಆಕರಗಳು.