ಲೇಸರ್ ಮತ್ತು ಕನಿಷ್ಠ ಛೇದನದ ಸೌಂದರ್ಯ ಚಿಕಿತ್ಸೆಗಳು: ಚಿಕ್ಕಬಳ್ಳಾಪುರ ಜಿಲ್ಲೆಯ ಸಾರ್ವಜನಿಕರಿಗೆ ಮಾಹಿತಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಹಾಗೂ ಶಿಡ್ಲಘಟ್ಟ ತಾಲ್ಲೂಕುಗಳ ಸಾರ್ವಜನಿಕರು ಮುಖದ ಬಂಗು, ಬೇಡದ ಕೂದಲು, ಮೊಡವೆಯ ಕಲೆ, ಸುಟ್ಟಗಾಯದ ಗುರುತು ಮುಂತಾದವುಗಳ ನಿವಾರಣೆಗೆ ಲೇಸರ್ ಇತ್ಯಾದಿ ಯಂತ್ರಾಧಾರಿತ ಚಿಕಿತ್ಸೆಗಳನ್ನು ಪಡೆಯುವುದಿದೆ. ಕೆಲವರು ತಮ್ಮ ಪಟ್ಟಣದಲ್ಲಿಯೇ ಇದನ್ನು ಮಾಡಿಸಿಕೊಂಡರೆ, ಇನ್ನು ಕೆಲವರು ಬೆಂಗಳೂರಿಗೆ ಹೋಗಿ ಸಂಜೆಯ ಬಸ್ಸಿಗೆ ಹಿಂತಿರುಗುತ್ತಾರೆ. ಚಿಕಿತ್ಸೆಗೆ ಹಣ ಪಾವತಿಸುವ ಮುನ್ನ ತಿಳಿದಿರಬೇಕಾದ ವಿಷಯಗಳನ್ನು ಈ ಕೆಳಗೆ ವಿವರಿಸಲಾಗಿದೆ.

ಯಂತ್ರಗಳು ಕೆಲಸ ಮಾಡುವ ಬಗೆ

ಮೊದಲ ಲೇಸರ್ 1960ರಲ್ಲಿ ಸಿದ್ಧವಾಯಿತು. ಸೂಕ್ತ ತರಂಗಾಂತರದ ಬೆಳಕನ್ನು ಅತ್ಯಲ್ಪ ಕಾಲ ಹಾಯಿಸಿ, ಸುತ್ತಲಿನ ಚರ್ಮವನ್ನು ಉಳಿಸಿ ಗುರಿಯನ್ನು ಮಾತ್ರ ಬಿಸಿ ಮಾಡಬಹುದೆಂಬ ತತ್ವವನ್ನು 1983ರಲ್ಲಿ ಅಮೆರಿಕದ ಆಂಡರ್ಸನ್ ಮತ್ತು ಪ್ಯಾರಿಶ್ ಎಂಬ ವಿಜ್ಞಾನಿಗಳು ಪ್ರಕಟಿಸಿದರು. ಕೂದಲು ತೆಗೆಯುವ ಲೇಸರ್ ಇದೇ ತತ್ವವನ್ನು ಅವಲಂಬಿಸಿದೆ. ಕೂದಲಿನಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯವು ಬೆಳಕನ್ನು ಹೀರಿ ಬಿಸಿಯಾಗುತ್ತದೆ ಮತ್ತು ಆ ಶಾಖದಿಂದ ಕೂದಲಿನ ಬುಡಕ್ಕೆ ಹಾನಿಯಾಗುತ್ತದೆ.

ನಮ್ಮ ಭಾಗದ ಜನರು ವಿಶೇಷವಾಗಿ ಗಮನಿಸತಕ್ಕ ಅಂಶವು ಇಲ್ಲಿಯೇ ಇದೆ. ಮೆಲನಿನ್ ಕೂದಲಿನಲ್ಲಿ ಮಾತ್ರವಲ್ಲದೆ ಚರ್ಮದ ಮೇಲ್ಪದರದಲ್ಲಿಯೂ ಇರುತ್ತದೆ. ಗೋಧಿ ಬಣ್ಣದ ಹಾಗೂ ಕಪ್ಪು ಬಣ್ಣದ ಚರ್ಮದಲ್ಲಿ ಅದರ ಪ್ರಮಾಣ ಹೆಚ್ಚು. ಆದ್ದರಿಂದ ಬಿಳಿಯ ಚರ್ಮಕ್ಕೆ ಸರಿಹೊಂದುವ ಪ್ರಮಾಣವನ್ನೇ ನಮ್ಮ ಚರ್ಮಕ್ಕೆ ಬಳಸಿದಲ್ಲಿ ಮೇಲ್ಪದರವೇ ಸುಟ್ಟು, ಕಪ್ಪು ಅಥವಾ ಬಿಳಿ ಕಲೆಗಳು ಉಳಿಯಬಹುದು. 1064 ನ್ಯಾನೊಮೀಟರ್ ತರಂಗಾಂತರದ ಎನ್‌ಡಿ-ಯಾಗ್ ಲೇಸರನ್ನು ಮೆಲನಿನ್ ಕಡಿಮೆ ಹೀರುವುದರಿಂದ ಕಪ್ಪು ಚರ್ಮಕ್ಕೆ ಅದು ಹೆಚ್ಚು ಸುರಕ್ಷಿತವೆಂದು ಪರಿಗಣಿಸಲಾಗಿದೆ. 'ಐಪಿಎಲ್' ಎಂಬ ಯಂತ್ರವು ಲೇಸರ್ ಅಲ್ಲ. ಅದು ಹಲವು ತರಂಗಾಂತರಗಳ ಬೆಳಕನ್ನು ಒಟ್ಟಿಗೆ ಹಾಯಿಸುವುದರಿಂದ ಅದರ ಬಳಕೆಯಲ್ಲಿ ಹೆಚ್ಚಿನ ಎಚ್ಚರಿಕೆ ಬೇಕು. ಯಾವುದೇ ಯಂತ್ರವಾದರೂ ಮೊದಲು ಚಿಕ್ಕ ಜಾಗದಲ್ಲಿ ಪರೀಕ್ಷಿಸಿ, ವೈದ್ಯರು ಹೇಳಿದಷ್ಟು ದಿನ ಕಾದು ನೋಡಿ ಮುಂದುವರಿಯುವುದು ಸೂಕ್ತ.

ಕೂದಲಿನ ಚಿಕಿತ್ಸೆಯನ್ನು ಕೆಲವು ವಾರಗಳ ಅಂತರದಲ್ಲಿ ಹಲವು ಬಾರಿ ಪಡೆಯಬೇಕಾಗುತ್ತದೆ. ಇದರಿಂದ ಕೂದಲು ದೀರ್ಘಕಾಲ ಕಡಿಮೆಯಾಗುತ್ತದೆಯೇ ಹೊರತು ಒಂದೂ ಉಳಿಯದಂತೆ ಹೋಗುವುದಿಲ್ಲ. ಹೆಣ್ಣುಮಕ್ಕಳಲ್ಲಿ ಗಲ್ಲದ ಮೇಲೆ ದಟ್ಟ ಕೂದಲು ಬರುತ್ತಿದ್ದು ಮುಟ್ಟಿನಲ್ಲಿ ಏರುಪೇರಿದ್ದರೆ, ಮೊದಲು ಹಾರ್ಮೋನಿನ ತೊಂದರೆಗೆ ತಪಾಸಣೆ ಮಾಡಿಸತಕ್ಕದ್ದು.

ಬಂಗು ಮತ್ತು ಬಿಸಿಲು

ದ್ರಾಕ್ಷಿ ತೋಟ, ಹೂವಿನ ತೋಟ ಹಾಗೂ ಟೊಮೆಟೊ ಹೊಲಗಳಲ್ಲಿ ದುಡಿಯುವವರಿಗೆ ಬಂಗು ಸಾಮಾನ್ಯ ದೂರು. ಬಿಸಿಲು, ಗರ್ಭಧಾರಣೆ, ಕೆಲವು ಹಾರ್ಮೋನ್ ಮಾತ್ರೆಗಳು ಹಾಗೂ ವಂಶವಾಹಿ ಗುಣ ಇದಕ್ಕೆ ಕಾರಣಗಳು. ಬಂಗಿಗೆ ಲೇಸರ್ ಮೊದಲ ಚಿಕಿತ್ಸೆಯಲ್ಲ. ಬಿಸಿಲಿನಿಂದ ರಕ್ಷಣೆ ಹಾಗೂ ವೈದ್ಯರು ಸೂಚಿಸಿದ ಲೇಪನ ಮೊದಲು ಬರುತ್ತವೆ. ಲೇಸರ್‌ನಿಂದ ತಿಳಿಯಾದ ಬಂಗು ಮರಳಿ, ಕೆಲವೊಮ್ಮೆ ಹಿಂದಿಗಿಂತ ಗಾಢವಾಗಿ ಬರುವುದುಂಟು. ಚಿಕಿತ್ಸೆಯ ನಂತರ ಕೆಲವು ವಾರ ಬಿಸಿಲನ್ನು ತಪ್ಪಿಸಬೇಕಾಗುತ್ತದೆ; ಕೊಯ್ಲಿನ ಕಾಲದಲ್ಲಿ ಇದು ಸಾಧ್ಯವೇ ಎಂಬುದನ್ನು ಹಣ ಕಟ್ಟುವ ಮೊದಲೇ ಯೋಚಿಸುವುದು ಒಳಿತು.

ಔಷಧಿ ಅಂಗಡಿಯಲ್ಲಿ ಕೇಳಿ ಪಡೆದ ಸ್ಟಿರಾಯ್ಡ್ ಮಿಶ್ರಿತ ಲೇಪನವನ್ನು ತಿಂಗಳುಗಟ್ಟಲೆ ಹಚ್ಚಿದವರ ಚರ್ಮ ತೆಳುವಾಗಿರುತ್ತದೆ. ಇಂತಹ ಹಲವು ಲೇಪನಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರದಂತೆ 2018ರಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದುಪಡಿ ಮಾಡಿದೆ. ಈ ಹಿಂದೆ ಹಚ್ಚಿದ ಲೇಪನಗಳ ಹೆಸರನ್ನು ವೈದ್ಯರಲ್ಲಿ ಮರೆಮಾಚಬಾರದು.

ಇತರ ಚಿಕಿತ್ಸೆಗಳು

ರೇಡಿಯೊ ತರಂಗ ಹಾಗೂ ಶ್ರವಣಾತೀತ ಧ್ವನಿಯ ಯಂತ್ರಗಳು ಚರ್ಮದ ಒಳಪದರವನ್ನು ಬಿಸಿ ಮಾಡಿ ಬಿಗಿಗೊಳಿಸುತ್ತವೆ. ಬೊಟುಲಿನಮ್ ಚುಚ್ಚುಮದ್ದು ಸ್ನಾಯುವನ್ನು ಸಡಿಲಗೊಳಿಸಿ ನೆರಿಗೆಯನ್ನು ಕಡಿಮೆ ಮಾಡುತ್ತದೆ. ಪರಿಣಾಮ ಸಾಮಾನ್ಯವಾಗಿ ಮೂರು-ನಾಲ್ಕು ತಿಂಗಳು. ಚರ್ಮದ ಕೆಳಗೆ ತುಂಬುವ 'ಫಿಲ್ಲರ್' ದ್ರವವು ರಕ್ತನಾಳವನ್ನು ಹೊಕ್ಕರೆ ಚರ್ಮ ಕೊಳೆಯಬಹುದು, ಅಪರೂಪಕ್ಕೆ ದೃಷ್ಟಿಯೂ ಹೋಗಬಹುದು. ಹೈಲುರಾನಿಕ್ ಆಮ್ಲದ ಫಿಲ್ಲರನ್ನು ಕರಗಿಸುವ ಔಷಧವಿದೆ. ಅದು ಆ ಚಿಕಿತ್ಸಾಲಯದಲ್ಲಿ ಸಿದ್ಧವಾಗಿದೆಯೇ ಎಂದು ಮುಂಚಿತವಾಗಿ ವಿಚಾರಿಸತಕ್ಕದ್ದು.

ಕನಿಷ್ಠ ಛೇದನವೆಂದರೆ ಕನಿಷ್ಠ ಅಪಾಯವೆಂದು ಭಾವಿಸಬಾರದು. 2022ರ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಗೆ ಒಳಗಾದ ಕಿರುತೆರೆ ನಟಿ ಚೇತನಾ ರಾಜ್ ಅವರು 21ನೇ ವಯಸ್ಸಿನಲ್ಲಿ ಮೃತಪಟ್ಟರು. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ಪರವಾನಗಿ ಇಲ್ಲದ ಕೇಂದ್ರವೊಂದರಲ್ಲಿ ರಕ್ತದ ಅಂಶವನ್ನು ಸೂಜಿಗಳ ಮೂಲಕ ಮುಖಕ್ಕೆ ಸೇರಿಸುವ ಚಿಕಿತ್ಸೆ ಪಡೆದವರಿಗೆ ಎಚ್‌ಐವಿ ಸೋಂಕು ತಗುಲಿದ್ದನ್ನು ಅಲ್ಲಿನ ಆರೋಗ್ಯ ಸಂಸ್ಥೆಯು 2024ರಲ್ಲಿ ವರದಿ ಮಾಡಿದೆ.

ಗೋಡೆಯ ಮೇಲಿನ ಪ್ರಮಾಣಪತ್ರ ಯಾವುದು?

ಬ್ಯೂಟಿ ಪಾರ್ಲರ್‌ನ ಗೋಡೆಯ ಮೇಲೆ ಚೌಕಟ್ಟು ಹಾಕಿದ ಪತ್ರವಿದ್ದ ಮಾತ್ರಕ್ಕೆ ಅಲ್ಲಿ ಚಿಕಿತ್ಸೆಗೆ ಅನುಮತಿ ಇದೆ ಎಂದಲ್ಲ. ಅದು ನಗರಸಭೆ ನೀಡಿದ ಉದ್ದಿಮೆ ಪರವಾನಗಿಯಾಗಿರಬಹುದು. ಅಂಗಡಿ ತೆರೆಯಲು ಅದು ಸಾಕು, ಚಿಕಿತ್ಸೆ ನೀಡಲು ಸಾಲದು. ಖಾಸಗಿ ಚಿಕಿತ್ಸಾಲಯಗಳು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಅಡಿಯಲ್ಲಿ, ಅಂದರೆ ಕೆಪಿಎಂಇ ಅಡಿಯಲ್ಲಿ, ನೋಂದಣಿಯಾಗಿರಬೇಕು. ನೋಂದಣಿ ಸಂಖ್ಯೆಯನ್ನು ಫಲಕದ ಮೇಲೆ ಪ್ರದರ್ಶಿಸಬೇಕೆಂದು, ಅಲೋಪತಿ ಸಂಸ್ಥೆಗಳು ನೀಲಿ ಹಾಗೂ ಆಯುರ್ವೇದ ಸಂಸ್ಥೆಗಳು ಹಸಿರು ಬಣ್ಣದ ಫಲಕ ಹಾಕಬೇಕೆಂದು 2024ರಲ್ಲಿ ಸೂಚಿಸಲಾಗಿದೆ. ನೋಂದಣಿಯು ಯಾವ ಸೇವೆಗೆ ಎಂಬುದನ್ನೂ ಓದಿಕೊಳ್ಳಬೇಕು.

ಯಂತ್ರ ಒತ್ತುವವರು ಯಾರೆಂಬುದೂ ಅಷ್ಟೇ ಮುಖ್ಯ. ಕೂದಲು ಕಸಿಯ ಬಗ್ಗೆ ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯು, ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿಯಾಗದು ಎಂದು ಸ್ಪಷ್ಟಪಡಿಸಿದೆ. ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಹಾಗೂ ಯಂತ್ರದ ಹೆಸರನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.

ಖರ್ಚು ಮತ್ತು ರಸೀದಿ

'ಆರು ಬಾರಿಗೆ ಒಂದೇ ಪ್ಯಾಕೇಜ್' ಎಂದು ಪೂರ್ಣ ಹಣವನ್ನು ಮುಂಗಡವಾಗಿ ಪಡೆಯುವ ಪದ್ಧತಿ ಕಂಡುಬರುತ್ತದೆ. ಎರಡನೇ ಬಾರಿಗೇ ಚರ್ಮ ಕಪ್ಪಾದರೆ ಉಳಿದ ಹಣದ ಗತಿ ಏನೆಂಬುದನ್ನು ಬರವಣಿಗೆಯಲ್ಲಿ ಪಡೆಯತಕ್ಕದ್ದು. ಸೌಂದರ್ಯಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆ ಹಾಗೂ ಕೂದಲು ಕಸಿಗೆ ಜಿಎಸ್‌ಟಿ ವಿನಾಯಿತಿ ಇರುವುದಿಲ್ಲ. ಆದರೆ ಹುಟ್ಟಿನಿಂದ ಬಂದ ನ್ಯೂನತೆ, ಅಪಘಾತ ಅಥವಾ ಗಾಯದಿಂದ ಹಾನಿಗೊಂಡ ಅಂಗವನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ವಿನಾಯಿತಿ ಇದೆ. ಉದಾಹರಣೆಗೆ, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕುದಿನೀರು ಬಿದ್ದು ಕೈಬೆರಳು ಅಂಟಿಕೊಂಡವರ ಶಸ್ತ್ರಚಿಕಿತ್ಸೆಯನ್ನು ಸೌಂದರ್ಯ ಚಿಕಿತ್ಸೆಯೆಂದು ಬಿಲ್ಲಿನಲ್ಲಿ ತೋರಿಸಿದ್ದರೆ ಪ್ರಶ್ನಿಸಬಹುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕೇವಲ ಸೌಂದರ್ಯಕ್ಕಾಗಿ ಮಾಡುವ ಚಿಕಿತ್ಸೆಗಳು ಸೇರಿರುವುದಿಲ್ಲ.

ತೊಂದರೆಯಾದಲ್ಲಿ

ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆದು ಊರಿಗೆ ಮರಳುವವರು ವೈದ್ಯರ ದೂರವಾಣಿ ಸಂಖ್ಯೆ, ಚುಚ್ಚಿದ ಔಷಧದ ಹೆಸರು ಹಾಗೂ ಯಂತ್ರದ ವಿವರವಿರುವ ಚೀಟಿಯನ್ನು ಜೊತೆಯಲ್ಲಿ ತರಬೇಕು. ರಾತ್ರಿಯಲ್ಲಿ ತೊಂದರೆಯಾದಾಗ ತಾಲ್ಲೂಕು ಆಸ್ಪತ್ರೆಯ ಕರ್ತವ್ಯನಿರತ ವೈದ್ಯರಿಗೆ ಆ ಚೀಟಿಯೇ ಆಧಾರ. ದೃಷ್ಟಿ ಮಂಜಾಗುವುದು, ಮುಖದ ಭಾಗ ಬೆಳ್ಳಗಾಗಿ ತೀವ್ರವಾಗಿ ನೋಯುವುದು, ಉಸಿರಾಟದ ಅಥವಾ ನುಂಗುವ ತೊಂದರೆ ಕಂಡುಬಂದಲ್ಲಿ ಬೆಳಗಿನವರೆಗೆ ಕಾಯದೆ 108ಕ್ಕೆ ಕರೆ ಮಾಡತಕ್ಕದ್ದು. ಬೊಬ್ಬೆಗಳನ್ನು ಒಡೆಯಬಾರದು, ಟೂತ್‌ಪೇಸ್ಟ್, ಅರಿಶಿನ ಹಚ್ಚಬಾರದು.

ನೋಂದಣಿ ಇಲ್ಲದ ಕೇಂದ್ರಗಳು ಹಾಗೂ ಚಿಕಿತ್ಸೆಯಲ್ಲಿನ ಲೋಪದ ಕುರಿತ ದೂರುಗಳನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರಕ್ಕೆ, ಚಿಕ್ಕಬಳ್ಳಾಪುರದ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳ ಕಚೇರಿಯ ಮೂಲಕ ಲಿಖಿತವಾಗಿ ಸಲ್ಲಿಸಬಹುದಾಗಿದೆ. ದೂರಿನೊಂದಿಗೆ ರಸೀದಿ, ಒಪ್ಪಿಗೆ ಪತ್ರದ ಪ್ರತಿ ಹಾಗೂ ಚಿಕಿತ್ಸೆಯ ಮೊದಲು ಮತ್ತು ನಂತರದ ಭಾವಚಿತ್ರಗಳನ್ನು ಲಗತ್ತಿಸಲು ಕೋರಲಾಗಿದೆ.