ಅಪೀಲು ಇತ್ತು, ಬಾಗಿಲು ಇರಲಿಲ್ಲ

ನಮ್ಮ ಕುಂದಾಪ್ರ ಕಡೆ ಕೋರ್ಟು ಅಂದರೆ ಗದ್ದೆ, ಗಡಿ, ಪಾಲುಪಟ್ಟಿ. "ಸೋತ್ರೆ ಎಂತಾಯ್ತ್, ಅಪೀಲ್ ಹಾಕುಕಾತ್ತಲೆ" ಅನ್ನುವುದು ಎಲ್ಲರ ಬಾಯಲ್ಲೂ ಬರುವ ಮಾತು. ಅಪೀಲು ಮುಗಿಯುವವರೆಗೂ ಗದ್ದೆ ಅಲ್ಲೇ ಇರುತ್ತದೆ. ಆದರೆ ಜೈಲಿನಲ್ಲಿ ಕಳೆದ ದಿನ, ಗೆದ್ದರೂ ವಾಪಸು ಬರುವುದಿಲ್ಲ. ಅದಕ್ಕೇ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 389ನೇ ಕಲಮು ಇತ್ತು: ಅಪೀಲು ತೀರ್ಮಾನ ಆಗುವವರೆಗೆ ಶಿಕ್ಷೆ ಅಮಾನತು, ಜಾಮೀನು. 2024ರ ಜುಲೈಯಿಂದ ಅದು ನಾಗರಿಕ ಸುರಕ್ಷಾ ಸಂಹಿತೆಯ 430ನೇ ಕಲಮು.

ನಾನು ಬಿ.ಇ. ಓದಿ ಕಂಪ್ಯೂಟರ್ ಎದುರು ಕೂರುವವ. ಹಳೇ ತೀರ್ಪು ಓದುವುದು ನನ್ನ ರಾತ್ರಿಯ ಹುಚ್ಚು. ಹಾಗೆ ಓದುವಾಗ ಗೊತ್ತಾದದ್ದು, ಮಾದಕ ವಸ್ತು ಕೇಸುಗಳಿಗೆ ಈ ಬಾಗಿಲು ಹನ್ನೊಂದು ವರ್ಷ ಮುಚ್ಚಿತ್ತು ಅಂತ.

ಎನ್‌ಡಿಪಿಎಸ್ ಕಾಯ್ದೆ ಬಂದದ್ದು 1985ರಲ್ಲಿ. 1989ರ ತಿದ್ದುಪಡಿ 32ಎ ಕಲಮನ್ನು ಸೇರಿಸಿತು: ಸ್ವಂತ ಸೇವನೆಯ 27ನೇ ಕಲಮು ಬಿಟ್ಟರೆ, ಈ ಕಾಯ್ದೆಯಡಿ ಆದ ಶಿಕ್ಷೆಯನ್ನು ಅಮಾನತು ಮಾಡುವಂತಿಲ್ಲ, ಕಡಿತ ಮಾಡುವಂತಿಲ್ಲ. ಹೈಕೋರ್ಟಿಗೂ ಆ ಅಧಿಕಾರ ಇಲ್ಲ ಅಂತ 1999ರಲ್ಲಿ ಮಕ್ತೂಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಪೀಲು ಹಾಕಬಹುದು, ಒಳಗೇ ಕೂತು ಕಾಯಬೇಕು. ಶಿಕ್ಷೆ ಮುಗಿದ ಮೇಲೆ ಖುಲಾಸೆ ಸಿಕ್ಕರೆ ಏನು ಪ್ರಯೋಜನ ಮಾರಾಯ್ರೆ?

ಇದೇ ಪ್ರಶ್ನೆ 2000ರ ಅಕ್ಟೋಬರ್ 12ರಂದು ದಾದು ಅಲಿಯಾಸ್ ತುಳಸೀದಾಸ್ ಪ್ರಕರಣದಲ್ಲಿ ತೀರ್ಮಾನವಾಯಿತು. ಶಿಕ್ಷೆ ಅಮಾನತು ಮಾಡುವ ಕೋರ್ಟಿನ ಅಧಿಕಾರವನ್ನು ಕಿತ್ತುಕೊಂಡಷ್ಟು ಮಟ್ಟಿಗೆ 32ಎ ಅಸಾಂವಿಧಾನಿಕ ಅಂದಿತು ಸುಪ್ರೀಂ ಕೋರ್ಟ್. ಸರ್ಕಾರ ಶಿಕ್ಷೆ ಕಡಿತ ಮಾಡಬಾರದು ಅನ್ನುವ ಭಾಗ ಹಾಗೇ ಉಳಿಯಿತು.

ಬಾಗಿಲು ತೆರೆಯಿತು, ಹೊಸ್ತಿಲು ಮಾತ್ರ ಎತ್ತರ. 37ನೇ ಕಲಮಿನ ಷರತ್ತು ದಾಟಬೇಕು: ಸರ್ಕಾರಿ ವಕೀಲರಿಗೆ ವಾದಿಸಲು ಅವಕಾಶ ಕೊಡಬೇಕು, ಈತ ತಪ್ಪಿತಸ್ಥನಲ್ಲ ಅಂತ ನಂಬಲು ಕಾರಣ ಇದೆ, ಹೊರಗೆ ಬಂದು ಮತ್ತೆ ಅಪರಾಧ ಮಾಡಲಾರ ಅಂತ ಕೋರ್ಟಿಗೆ ಅನ್ನಿಸಬೇಕು. ಒಂದು ಕೋರ್ಟು ಆಗಲೇ ತಪ್ಪಿತಸ್ಥ ಅಂದವನ ಬಗ್ಗೆ ಇನ್ನೊಂದು ಕೋರ್ಟನ್ನು ಹೀಗೆ ನಂಬಿಸುವುದು ಸುಲಭವಲ್ಲ. 2001ರ ತಿದ್ದುಪಡಿ ಈ ಷರತ್ತನ್ನು ಮುಖ್ಯವಾಗಿ ವಾಣಿಜ್ಯ ಪ್ರಮಾಣದ ಕೇಸುಗಳಿಗೆ ಸೀಮಿತ ಮಾಡಿತು. ಗಾಂಜಾಕ್ಕೆ ಆ ಗೆರೆ 20 ಕಿಲೋ.

ನಮ್ಮವರಿಗೆ ಇನ್ನೊಂದು ಹೊಸ್ತಿಲು ದೂರ. ಬೈಂದೂರು, ಬ್ರಹ್ಮಾವರ ಬೇರೆ ತಾಲೂಕಾದರೂ ಉಡುಪಿ ಜಿಲ್ಲೆಯ ಅಪೀಲು ಹೋಗುವುದು ಬೆಂಗಳೂರಿಗೆ. ಶಿರೂರು ದಾಟಿ ಭಟ್ಕಳ ಹೊಕ್ಕರೆ ಧಾರವಾಡ ಪೀಠ. ಶಿಕ್ಷೆಯಾದ 60 ದಿನದೊಳಗೆ ಹೈಕೋರ್ಟಿಗೆ ಅಪೀಲು ಹೋಗಬೇಕು. ಶಿಕ್ಷೆ ಅಮಾನತಿನ ಅರ್ಜಿ ಬೇರೆಯೇ ಹಾಕಬೇಕು. ಬರೀ ಅಪೀಲು ಹಾಕಿದ್ದಕ್ಕೆ ಯಾರೂ ಹೊರಗೆ ಬರುವುದಿಲ್ಲ. ಯಾರದಾದರೂ ಮನೆಯಲ್ಲಿ ಈ ಕಷ್ಟ ಬಂದರೆ, ವಕೀಲರ ಹತ್ತಿರ ಈ ಎರಡೂ ಕೇಳಿ.